ಗಾಜಿನ ಪೆಟ್ಟಿಗೆಯ ಶಾಖ ಕಾಯುವ ಚನ್ನಾಜಮ್ಮ

ಬೆಳಗಿನ ಆರೂವರೆ. ನಂಜನಗೂಡಿನ ಶಿಕ್ಷಕಿ ಸುನೀತಾ ಅವರ ಮನೆಯ ಹಿಂದಿನ ಕೋಣೆ. ಚನ್ನಾಜಮ್ಮ ಆಳೆತ್ತರದ ಗಾಜಿನ ಪೆಟ್ಟಿಗೆಯ ಬಾಗಿಲು ಸರಿಸಿ, ಮುಂಗೈ ಒಳಗೆ ಚಾಚಿ ಸುಮ್ಮನೆ ನಿಲ್ಲುತ್ತಾರೆ. ಕೊಂಬೆಯ ಮೇಲೆ ಮಲಗಿದ ಹಸಿರು ಇಗ್ವಾನಾ ಒಂದೇ ಕಣ್ಣು ತೆರೆಯುತ್ತದೆ. ಬಿಸಿಲ ನಾಡಿನ ಈ ದೊಡ್ಡ ಹಲ್ಲಿಗೆ ನಮ್ಮ ಚಳಿ ಆಗದು. "ಇಪ್ಪತ್ತೇಳು" ಎನ್ನುತ್ತಾರೆ ಚನ್ನಾಜಮ್ಮ. ಶಾಖ ತೋರಿಸುವ ಮೀಟರಿನತ್ತ ನೋಡುವುದು ಆಮೇಲೆ.

ಐವತ್ಮೂರರ ಈಕೆ ಹುಲ್ಲಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಮೂರು ಮನೆಗಳ ಕಸಮುಸುರೆ ಮುಗಿಸುತ್ತಾರೆ. ಹುಟ್ಟೂರು ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಅಲ್ಲಿ ಹದಿನಾರು ವರ್ಷ ರೇಷ್ಮೆಯ ಮರಿಹುಳು ಸಾಕುವ ಶೆಡ್ಡಿನಲ್ಲಿ ದುಡಿದವರು. ಚಳಿಗೆ ಕೆಂಡದ ಬಾಣಲೆ, ಬಿಸಿಲಿಗೆ ಒದ್ದೆ ಗೋಣಿತಾಟು. "ಉಳ ಬಾಯ್ ಬಿಟ್ಟು ಏಳಕಿಲ್ಲ ಸಾ. ನಾವೇ ತಿಳ್ಕಬೇಕು." ಶೆಡ್ಡು ಮುಚ್ಚಿದ ಮೇಲೆ ಹುಲ್ಲಹಳ್ಳಿಯ ತಂಗಿಯ ಮನೆ ಸೇರಿಕೊಂಡರು.

ಕಳೆದ ಜನವರಿಯ ಒಂದು ಮುಂಜಾನೆಯನ್ನು ಅವರು ಇಂದಿಗೂ ಮರೆತಿಲ್ಲ. ಕೋಣೆ ತಣ್ಣಗಿತ್ತು. ಮೀಟರ್ ಇಪ್ಪತ್ನಾಲ್ಕು ತೋರಿಸುತ್ತಿತ್ತು. ಪೆಟ್ಟಿಗೆಯ ಬಾಗಿಲು ಸರಿಸಿದ್ದೇ ತಡ, ಮುಖಕ್ಕೆ ಝಳ ಹೊಡೆಯಿತು. ಇಗ್ವಾನಾ ಬಾಯಿ ಅಗಲಿಸಿ, ನಾಲ್ಕೂ ಕಾಲು ಚೆಲ್ಲಿ ಬಿದ್ದಿತ್ತು. "ನನ್ ಜೀವವೇ ಬಾಯಿಗ್ ಬಂತು. ಸತ್ತೋಗದೆ ಅನ್ಕಂಡೆ."

ಪೆಟ್ಟಿಗೆಯನ್ನು ಬೆಚ್ಚಗಿಡುವ ಹೀಟರಿನ ಸ್ವಿಚ್ಚನ್ನು ಚನ್ನಾಜಮ್ಮ ಆರಿಸಿದರು. ಓಡಿಬಂದ ಸುನೀತಾ ಮೀಟರ್ ನೋಡಿ, ಚಳಿಗೆ ಹೀಗಾಗಿದೆ, ಮೊದಲು ಹೀಟರ್ ಹಾಕಿ ಎಂದು ಗದರಿದರು. ಮನೆಯೊಡತಿಗೆ ಎಂದೂ ಎದುರಾಡದ ಚನ್ನಾಜಮ್ಮ ಸ್ವಿಚ್ಚಿಗೆ ಅಡ್ಡ ನಿಂತರು.

"ಅದು ಸುಳ್ ಏಳ್ತದೆ ಮೇಡಮ್ಮೋರೆ. ನಿಮ್ ಕೈ ಇಟ್ ನೋಡಿ."

ಕೈಯಿಟ್ಟ ಸುನೀತಾ ಬೆಂಕಿ ತಾಗಿದವರಂತೆ ಹಿಂದೆಗೆದುಕೊಂಡರು. ಶಾಖ ಅಳೆಯುವ ತಂತಿಯ ತುದಿ ಪೆಟ್ಟಿಗೆಯಿಂದ ಜಾರಿ, ನೆಲದ ತಣ್ಣನೆಯ ಟೈಲ್ಸಿನ ಮೇಲೆ ಬಿದ್ದಿತ್ತು. ಅದು ಅಳೆದದ್ದು ನೆಲದ ಚಳಿಯನ್ನು. ಹಾಗಾಗಿ, ಆ ಅಳತೆಯಂತೆ ತಾನೇ ಹತ್ತಿ ಆರಬೇಕಿದ್ದ ಹೀಟರ್ ರಾತ್ರಿಯಿಡೀ ಉರಿದಿತ್ತು. ತಂತಿಯನ್ನು ಮತ್ತೆ ಒಳಗಿಟ್ಟಾಗ, ಬಾಗಿಲು ತೆರೆದೇ ಇದ್ದರೂ, ನಲವತ್ತೊಂದು ತೋರಿಸಿತು.

ಗಾಬರಿಯಲ್ಲಿ ಸುನೀತಾ ಐಸ್ ನೀರು ತಂದರು. ಚನ್ನಾಜಮ್ಮ ಅದನ್ನೂ ತಡೆದರು. ಕಾದ ಜೀವಕ್ಕೆ ಒಮ್ಮೆಲೇ ತಣ್ಣೀರು ಬಿದ್ದರೂ ಅಪಾಯ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. ಅರ್ಧ ಗಂಟೆಯ ಮೇಲೆ ಇಗ್ವಾನಾ ಬಾಯಿ ಮುಚ್ಚಿತು. ಮಧ್ಯಾಹ್ನ ಬಂದ ಪಶುವೈದ್ಯರು, ಇನ್ನೂ ಹತ್ತು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ.

ತಂತಿಯ ತುದಿಯನ್ನು ಈಗ ಒಳಗಿನ ಕೊಂಬೆಗೇ ಬಿಗಿದಿದ್ದಾರೆ. ಬಿಸಿ ಕೊಡುವ ದೀಪದ ಕೆಳಗೆ ಮೂವತ್ತೈದು ಡಿಗ್ರಿ, ತಂಪು ಮೂಲೆಯಲ್ಲಿ ಇಪ್ಪತ್ತೇಳು. ದಿನಕ್ಕೆ ಎರಡು ಸಲ ಚನ್ನಾಜಮ್ಮ ನೋಡಿ ಹೇಳದೆ ಸುನೀತಾಗೆ ಸಮಾಧಾನವಿಲ್ಲ. ಆಮೆ, ಗಿಳಿ ಸಾಕಿದ ನೆರೆಯವರೂ ಕರೆಯುತ್ತಾರೆ.

ಪತ್ರಿಕೆಯಲ್ಲಿ ಏನೆಂದು ಬರೆಯಬೇಕು ಎಂದು ಕೇಳಿದರೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

"ಮನೆಗೆಲ್ಸದೋಳು ಅಂತ ಎಲ್ರೂ ಏಳ್ತಾರೆ. ನೀವು ಶಾಖ ನೋಡೋಳು ಅಂತ ಬರ್ಕಳಿ ಸಾ."