ಕರಿಗುಟ್ಟಿ ಕೋಟೆಯ ದರಬಾರಿ ಮಿಸ್ತ್ರಿ

ಶಹಾಬಾದಿನ ಸಾಯಬಣ್ಣನಿಗೆ ನಿಜವಾಗಿ ಬರುತ್ತಿದ್ದ ಕೆಲಸ ನೆಲಕ್ಕೆ ಫರಸಿ ಕಲ್ಲು ಹಾಸುವುದೊಂದೇ. ನೆಲದ ಮಟ್ಟಿಗೆ ತನ್ನಷ್ಟು ಜಾಣ ನಿಜಾಮನ ಸೀಮೆಯಲ್ಲೇ ಇಲ್ಲ, ನೆಲ ಬಿಟ್ಟು ಒಂದಾಳು ಮೇಲೆದ್ದರೆ ಮಾತ್ರ ತನ್ನ ಲೆಕ್ಕ ತಪ್ಪುತ್ತದೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಅಂಥವನು ಇಪ್ಪತ್ತು ವರ್ಷ ಒಂದು ಕೋಟೆಯ ದರಬಾರಿ ಮಿಸ್ತ್ರಿಯಾಗಿ ಬಾಳಿದ.

ಚಿಂಚೋಳಿಯ ಆಚೆ, ತೆಲುಗು ಮಾತು ಶುರುವಾಗುವಲ್ಲಿ ಕರಿಗುಟ್ಟಿ ಎಂಬ ಊರು. ಅಲ್ಲಿನ ಜಾಗೀರದಾರ ಹಾಜಿಸಾಬರಿಗೆ ಹಿರಿಯರಿಂದ ಬಂದದ್ದು ಒಂದು ಮುರುಕು ಕೋಟೆ. ಅದರೊಳಗಿನ ಮನೆಯ ಪಡಸಾಲೆಗೆ ಫರಸಿ ಹಾಸಲು ಸಾಯಬಣ್ಣ ಹೋಗಿದ್ದ. ಕೆಲಸ ಮುಗಿದ ದಿನ ಹಾಜಿಸಾಬರು ಬರಿಗಾಲಲ್ಲಿ ಅದರ ಮೇಲೆ ಅಡ್ಡಾಡಿ ಹಿಗ್ಗಿದರು.

"ಭಾಳ ಛಲೋ ಹಾಸೀದಿ ಮಿಸ್ತ್ರಿ. ಬುರುಜು ಕಟ್ಟಲಿಕ್ಕಿ ಬರ್ತದೇನು?"

ಇಲ್ಲ ಎನ್ನಬೇಕಿತ್ತು. ಸುತ್ತ ಜನ ನಿಂತಿದ್ದರು, ಎದುರಿಗೆ ಬೆಳ್ಳಿ ತಟ್ಟೆಯಲ್ಲಿ ಎಲೆಅಡಿಕೆ ಬಂದಿತ್ತು. "ಬರ್ತದ್ರಿ ಸರ್ಕಾರ" ಎಂದುಬಿಟ್ಟ. ನನ್ನ ಬಾಯಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತದೆ, ಹಿಂದಿನಿಂದ ಓಡಿ ಹಿಡಿಯುವುದೇ ನನ್ನ ಬಾಳು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ.

ಹುದ್ದೆಯ ಜೊತೆಗೆ ಒಂದು ಕರಿ ಶೇರವಾನಿ ಬಂತು. ಅದನ್ನು ಹೊಲಿದದ್ದು ಹಾಜಿಸಾಬರ ದಿವಂಗತ ತಮ್ಮನಿಗೆ, ತೋಳು ಸಾಯಬಣ್ಣನ ಬೆರಳು ದಾಟಿ ಜೋತಾಡುತ್ತಿತ್ತು. ಅದನ್ನೇ ತೊಟ್ಟು ವಾಡಿ ಸ್ಟೇಷನ್ನಿನಲ್ಲಿ ಇಳಿದಾಗ ಹಮಾಲ ಮಶಾಕ ಓಡಿಬಂದು ಸಲಾಮು ಹೊಡೆದ. ಹತ್ತಿರ ಬಂದು ಮುಖ ನೋಡಿದ. "ಅಯ್ಯ, ನೀ ಏನೋ ಸಾಯಬಣ್ಣ! ಬ್ಯಾಂಡಿನವರ ಜೋಡಿ ಯಾವಾಗ ಸೇರ್ದಿ?"

ಹಾಜಿಸಾಬರ ಅಪ್ಪಣೆ ಸರಳವಾಗಿತ್ತು: ಕೋಟೆ ಅಜ್ಜನ ಕಾಲದಲ್ಲಿ ಹೇಗಿತ್ತೋ ಹಾಗೇ ಆಗಬೇಕು. ಹೇಗಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಊರ ಹಿರಿಯರಲ್ಲಿ ಒಬ್ಬರು ನಾಲ್ಕು ಬುರುಜು ಎಂದರು. ಇನ್ನೊಬ್ಬರು ಇದ್ದದ್ದೇ ಒಂದು, ಅದೂ ಜೋಳ ತುಂಬುವ ಕಣಜ ಎಂದರು. ಕೊನೆಗೆ ಸಾಯಬಣ್ಣ ಮಳಖೇಡಕ್ಕೆ ಹೋಗಿ, ಅಲ್ಲಿನ ಕೋಟೆಯ ಬುರುಜಿಗೆ ತನ್ನ ರುಮಾಲು ಸುತ್ತಿ ಸುತ್ತಿ ಅಳೆದ. ಅಗಲಕ್ಕೊಂದು ಗಂಟು, ಬಾಗಿಲಿಗೊಂದು ಗಂಟು ಹಾಕಿಕೊಂಡು, ಅದನ್ನೇ ತಲೆಗೆ ಸುತ್ತಿ ಮನೆಗೆ ಬಂದ. ಮರುದಿನ ನೋಡಿದರೆ ರುಮಾಲು ಬಿಸಿಲಲ್ಲಿ ಒಣಗುತ್ತಿದೆ.

"ಗಂಟು ಎಲ್ಲಿ ಹೋದ್ವೇ?" ಎಂದು ಹೆಂಡತಿ ಗುಂಡಮ್ಮನನ್ನು ಕೇಳಿದ.

"ಹೊಲಸಾಗಿತ್ತು, ಬಿಚ್ಚಿ ಒಗದೀನಿ."

"ಅದು ಬುರುಜು ಇತ್ತಲ್ಲೇ!"

"ಬುರುಜು ತಲಿಗಿ ಸುತ್ತಿಕೊಂಡು ಬರೋ ಗಂಡನ್ನ ನಾ ಎಲ್ಲಿ ನೋಡೀನ್ರಿ? ನಿನ್ನಿನೇ ಹೇಳಬಾರದೇನ್ರಿ?"

ಹೀಗೆ ಕರಿಗುಟ್ಟಿಯ ಬುರುಜು ನೆನಪಿನ ಮೇಲೆ ಎದ್ದಿತು. ನಡುವೆ ತುಂಬು ಬಸುರಿಯ ಹಾಗೆ ಉಬ್ಬಿಕೊಂಡಿತು. ಹಾಜಿಸಾಬರು ಮಾತ್ರ "ಹೂಬಹೂ, ಥೇಟ್ ಅಜ್ಜಂದೇ!" ಎಂದು ಕಣ್ಣು ತುಂಬಿಕೊಂಡರು. ಮೊದಲ ಮಳೆಗಾಲದಲ್ಲೇ ಅದರ ಅರ್ಧ ಮೈ ಕುದುರೆ ಲಾಯದ ಅಂಗಳಕ್ಕೆ ಜಾರಿತು. ಪುಣ್ಯಕ್ಕೆ ಕುದುರೆಗಳು ಮೇಯಲು ಹೋಗಿದ್ದವು. ಸಾಯಬಣ್ಣ ಗಂಟು ಮೂಟೆ ಕಟ್ಟಿಕೊಂಡೇ ದರಬಾರಿಗೆ ಹೋದ.

"ಸರ್ಕಾರ, ಹಳೀ ಕೋಟಿ ಅಂದಮ್ಯಾಲ ಸ್ವಲ್ಪರೆ ಬಿದ್ದಿರಬೇಕ್ರಿ."

ಹಾಜಿಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ಕಟ್ಟು ಎಂದರು. ಅವನು ಕಟ್ಟಿದ, ಅದು ಬಿತ್ತು, ಮತ್ತೆ ಕಟ್ಟಿದ. ವರ್ಷಗಳು ಹೀಗೇ ಸಾಗಿದವು.

ಒಂದು ದಿನ ಹಾಜಿಸಾಬರ ತಾಯಿ ಕಮರುನ್ನೀಸಾ ಪರದೆಯ ಹಿಂದಿನಿಂದ ಅವನನ್ನು ಕರೆಸಿದರು. "ಸಾಯಬಣ್ಣ, ನಾ ಮದಿವಿ ಆಗಿ ಬಂದಾಗನೂ ಆ ಗ್ವಾಡಿ ಬಿದ್ದೇ ಇತ್ತು. ನಮ್ಮ ಅತ್ತಿ ಬಂದಾಗನೂ ಬಿದ್ದಿತ್ತಂತ."

"ಹಂಗಾರ ನಾ ಕಟ್ಟಲಿಕತ್ತಿದ್ದು ಏನ್ರಿ ಅಮ್ಮಾ?"

ಮುದುಕಿ ಪರದೆಯ ಹತ್ತಿರಕ್ಕೆ ಸರಿದರು. "ತಮ್ಮ ಸತ್ತಮ್ಯಾಲ ಹಾಜಿ ಯಾರ ಜೋಡೀನೂ ಮಾತಾಡ್ತಿರಲಿಲ್ಲ. ಸುತ್ತಿಗಿ ಸಪ್ಪಳ ಶುರು ಆದಮ್ಯಾಲ ಹೊರಗ ಬಂದ. ನೀ ಕಟ್ಟಪ್ಪ."

ಅಂದಿನಿಂದ ಸಾಯಬಣ್ಣ ಶೇರವಾನಿಯ ತೋಳನ್ನು ಮಡಚಿ ತೊಡತೊಡಗಿದ. ಗೋಡೆ ಬಿದ್ದಾಗ ಮೊದಲಿನಷ್ಟು ಹೆದರುತ್ತಲೂ ಇರಲಿಲ್ಲ.

ಸಾವಿರದ ಒಂಬೈನೂರ ನಲವತ್ತೆಂಟು ಬಂತು. ಮೊದಲು ರಜಾಕಾರರ ಭಯ, ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದೂಸ್ತಾನದ ಫೌಜು ಬಂತೆಂಬ ಸುದ್ದಿ. ಅದರ ಬೆನ್ನಿಗೆ, ಗುಂಪು ಕಟ್ಟಿಕೊಂಡವರು ಮುಸಲ್ಮಾನರ ಮನೆಗಳಿಗೆ ನುಗ್ಗುತ್ತಿದ್ದಾರೆಂಬ ಸುದ್ದಿ. ಮನೆಯ ಆಳುಗಳು ಕೋಟೆಯ ಬಾಗಿಲು ಹಾಕಿ ಒಳಗೇ ಇರೋಣ ಎಂದರು. ಹಾಜಿಸಾಬರಿಗೆ ಆಗಲೇ ವಯಸ್ಸಾಗಿತ್ತು. ಸಾಯಬಣ್ಣನ ಕಡೆ ತಿರುಗಿದರು.

"ಖರೇ ಹೇಳು ಮಿಸ್ತ್ರಿ. ನಿನ್ನ ಗ್ವಾಡಿ ತಡೀತದೇನು?"

ಈ ಸಲ ಬಾಯಿ ಮುಂದೆ ಓಡಲಿಲ್ಲ. "ಯಾರರೆ ಜೋರಾಗಿ ಕೆಮ್ಮಿದ್ರ ಸಾಕ್ರಿ ಸರ್ಕಾರ, ಬೀಳ್ತದ. ಇಲ್ಲಿ ಇರಬ್ಯಾಡ್ರಿ. ಶಹಾಬಾದಿಗಿ, ನಮ್ಮ ಮನಿಗಿ ಬರ್ರಿ."

ಎತ್ತಿನ ಗಾಡಿಗೆ ಕಮಾನು ಕಟ್ಟಿ ಚಾಪೆ ಹೊದಿಸಿದರು. ಕರಿಗುಟ್ಟಿಯಲ್ಲೇ ಗಂಡನ ಜೊತೆಗಿದ್ದ ಗುಂಡಮ್ಮ ತನ್ನ ಸೀರೆಯೊಂದನ್ನು ಕಮರುನ್ನೀಸಾಗೆ ಉಡಿಸಿದಳು, ಹಾಜಿಸಾಬರು ಧೋತರ ಉಟ್ಟರು. ಚಿತ್ತಾಪುರದ ಈಚೆ ಕೋಲು ಹಿಡಿದ ಗುಂಪೊಂದು ಗಾಡಿ ನಿಲ್ಲಿಸಿತು.

"ಒಳಗ ಯಾರ?"

ಸಾಯಬಣ್ಣ ಬಾಯಿ ತೆರೆಯುವ ಮೊದಲೇ ಗುಂಡಮ್ಮ ಮುಂದೆ ಬಾಗಿ ಅಂದಳು: "ನಮ್ಮ ಅತ್ತಿ ಮಾವ. ವಾಂತಿಭೇದಿ ಹತ್ಯಾದ. ನೋಡ್ತೀರೇನು, ಬರ್ರಿ."

ಯಾರೂ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ತಾನು ಎಬ್ಬಿಸಿದ ಎಲ್ಲ ಗೋಡೆಗಿಂತ ಹೆಂಡತಿಯ ಒಂದು ಸುಳ್ಳು ಗಟ್ಟಿ ನಿಂತಿತಲ್ಲ ಎಂದುಕೊಂಡು ಸಾಯಬಣ್ಣ ಎತ್ತಿನ ಬಾಲ ತಿರುವಿದ.

ಗಲಾಟೆ ತಣ್ಣಗಾಗುವವರೆಗೂ ತಾಯಿ ಮಗ ಶಹಾಬಾದಿನಲ್ಲಿ ಅವನ ಮನೆಯಲ್ಲೇ ಇದ್ದರು. ಆಮೇಲೆ ವಾಡಿಗೆ ಹೋಗಿ, ಹೈದರಾಬಾದಿನ ರೈಲು ಹತ್ತಿದರು. ಹತ್ತುವಾಗ ಹಾಜಿಸಾಬರು ಅವನನ್ನು ಅಪ್ಪಿಕೊಂಡು, "ಬಿದ್ರ ಮತ್ತ ಕಟ್ಟು" ಎಂದರು. ಇವನು ಕಟ್ಟುವವನಲ್ಲ, ಅವರು ಮರಳುವವರಲ್ಲ ಎಂದು ಇಬ್ಬರಿಗೂ ತಿಳಿದಿತ್ತು.

ಸ್ವಲ್ಪ ದಿನದ ಮೇಲೆ ಸಾಯಬಣ್ಣ ಕರಿಗುಟ್ಟಿಗೆ ಹೋದ. ಯಜಮಾನರಿಲ್ಲದ ಕೋಟೆಯ ಕಲ್ಲುಗಳನ್ನು ಜನ ಮನೆಗಳಿಗೆ ಹೊರುತ್ತಿದ್ದರು. ಹಳೆಯ ಗೋಡೆ ಹಾರೆಗೂ ಜಗ್ಗುತ್ತಿರಲಿಲ್ಲ. ಅವನು ಕಟ್ಟಿದ್ದು ಕೈಯಲ್ಲೇ ಕಳಚಿ ಬರುತ್ತಿತ್ತು. ಸೇಡಮ್ ಕಡೆಯಿಂದ ಗಾಡಿ ತಂದಿದ್ದ ಕಲ್ಯಾಣಪ್ಪ ಎಂಬ ರೈತ ಒಂದು ದಪ್ಪ ಕಲ್ಲನ್ನು ಗಾಡಿಗೆ ಏರಿಸಲು ಒದ್ದಾಡುತ್ತಿದ್ದ.

"ಯಾವನೋ ಭಾಳ ದಡ್ಡ ಕಟ್ಟ್ಯಾನ ನೋಡ್ರಿ ಇದನ್ನ. ಗಚ್ಚೇ ಹಿಡಿದಿಲ್ಲ."

"ನಂಗ ಗುರ್ತದ್ರಿ ಅವಂದು," ಎಂದ ಸಾಯಬಣ್ಣ. "ಮನುಷ್ಯಾ ಏನ್ ಕೆಟ್ಟವ ಅಲ್ಲ."

"ಕೆಟ್ಟವ ಅಂತ ಯಾರಂದ್ರು? ನಮಗ ಛಲೋನೇ ಆತು. ಆ ಕಡಿ ಸ್ವಲ್ಪ ಹಿಡೀರಿ."

ಸಾಯಬಣ್ಣ ಧೋತರದ ಕಚ್ಚೆ ಬಿಗಿದು, ಕಲ್ಲಿನ ಆ ತುದಿಗೆ ಕೈ ಹಾಕಿದ.