ಖಾಲಿ ತೊಟ್ಟಿಲು ತೂಗದವಳು

ಖಾಲಿ ತೊಟ್ಟಿಲು ತೂಗಿದರೆ ಮಗು ಉಳಿಯುವುದಿಲ್ಲವೆಂದು ಕಿರ್ಗಿಜ್ ಮನೆಗಳಲ್ಲಿ ನಂಬುತ್ತಾರೆ. ಬುರುಲ್‌ಳ ಚೊಚ್ಚಲ ಕೂಸು ಹೋದಾಗ ಅತ್ತೆ ಆ ಮಾತನ್ನೇ ಆಡಿದ್ದಳು. ಅಂದಿನಿಂದ ಬುರುಲ್‌ಗೆ ಏನೇ ಆದರೂ ಖಾಲಿಯಾಗಿ ತೂಗುವುದನ್ನು ನೋಡಲಾಗದು. ಬೆಟ್ಟದೂರಿನ ಆಸ್ಪತ್ರೆಯ ರಕ್ತನಿಧಿಯಲ್ಲಿ ಅವಳಿಗೆ ಕೆಲಸ. ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳ ಚೀಲಗಳನ್ನು ಕೆಡದಿರಲೆಂದು ತೊಟ್ಟಿಲಿನಂತೆ ತೂಗುವ ಯಂತ್ರ ಅಲ್ಲಿ ಬರಿದಾಗಿದ್ದರೆ, ಯಾರಿಗೂ ಹೇಳದೆ ಪ್ಲಗ್ ಕಿತ್ತು ಮನೆಗೆ ಹೋಗುತ್ತಿದ್ದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಮತ್ತೆ ಸಿಕ್ಕಿಸುತ್ತಿದ್ದಳು.

ಆ ಶುಕ್ರವಾರ ಅವಳು ಹೋದ ಮೇಲೆ ಜೋಲ್ದೋಶ್ ಎಂಬ ಕುದುರೆಗಾಹಿ ಕಾಯಿಲೆಯ ತಂಗಿಗಾಗಿ ಪ್ಲೇಟ್‌ಲೆಟ್ ಕೊಟ್ಟ. ಯಂತ್ರದ ಬಾಗಿಲು ತೆರೆದಾಗ ತೂಗುವುದು ಹೇಗೂ ನಿಲ್ಲುತ್ತದೆ. ಮುಚ್ಚಿದರೆ ತೂಗುತ್ತದೆಂದು ನಂಬಿ ನರ್ಸ್ ಚೀಲವಿಟ್ಟು ಹೊರಟಳು.

ಶನಿವಾರ ರಕ್ತನಿಧಿಗೆ ರಜೆ, ಯಾರೂ ಬರಲಿಲ್ಲ. ಭಾನುವಾರ ತಂಗಿಯ ಮೂಗಿನ ರಕ್ತ ನಿಲ್ಲಲಿಲ್ಲ. ಕರೆ ಬಂದು ಬುರುಲ್ ಓಡಿಬಂದರೆ, ಚೀಲ ಕದಲದೆ ಮಲಗಿತ್ತು.

ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದಳು. ಕೆಡದ ಚೀಲದಲ್ಲಿರುವಂತೆ ಒಳಗೆ ಇನ್ನೂ ರೇಷ್ಮೆಯಂಥ ಮಿನುಗು ಸುಳಿಯಿತು. ಕಳಿಸಿಬಿಟ್ಟರೆ ಯಾರಿಗೂ ಗೊತ್ತಾಗದು.

ಅವಳಿಗೆ ಗೊತ್ತಿತ್ತು. ಗಾಯವನ್ನು ಹಿಡಿದುಕೊಳ್ಳಲು ಪ್ರತಿ ಪ್ಲೇಟ್‌ಲೆಟ್‌ನ ಮೈಮೇಲೆ ಪುಟ್ಟ ಕೈಗಳಂಥ ಗ್ರಾಹಕಗಳಿರುತ್ತವೆ. ಅದರ ಮೈಯಲ್ಲೇ ಇರುವ ಕಿಣ್ವವೊಂದು ಕತ್ತರಿಯಂತೆ ಆ ಕೈಗಳನ್ನು ಕತ್ತರಿಸಬಲ್ಲದು. ರಕ್ತ ಬೇಡದ ಕಡೆ ಹೆಪ್ಪುಗಟ್ಟದಿರಲೆಂದು ದೇವರೇ ಇಟ್ಟ ಕತ್ತರಿ ಅದು. ಆದರೆ ತೂಗದ ಚೀಲದಲ್ಲಿ ಹುಳಿ ಏರಿ, ಕತ್ತರಿ ಹದ ಮೀರುತ್ತದೆ. ಕೈ ಉದುರಿದ ಪ್ಲೇಟ್‌ಲೆಟ್ ಗಾಯದ ಮುಂದಿನಿಂದಲೇ ಜಾರಿಹೋಗುತ್ತದೆ.

“ಎಜೆ, ಚೀಲ ಕೊಡಿ! ನೋಡ್ತಾ ನಿಂತ್ರೆ ಅದೇನು ಮರಿ ಹಾಕುತ್ತಾ?” ಬಾಗಿಲಲ್ಲಿ ಡಾಕ್ಟರ್ ಕಾನಿಕೇಯ್. ವಯಸ್ಸಿನಲ್ಲಿ ಚಿಕ್ಕವಳು, ಎಲ್ಲರಂತೆ ಅವಳೂ ಬುರುಲ್‌ಳನ್ನು ಎಜೆ, ಅಕ್ಕ, ಎಂದೇ ಕರೆಯುತ್ತಿದ್ದಳು.

ಬುರುಲ್ ಚೀಲವನ್ನು ಬದಿಗಿಟ್ಟಳು. “ಇದು ಬೇಡ ಮಗಳೇ. ಶುಕ್ರವಾರದಿಂದ ತೂಗಿಲ್ಲ. ಪ್ಲಗ್ ಕಿತ್ತವಳು ನಾನೇ.”

“ಯಾಕೆ?”

“ಖಾಲಿ ಇತ್ತು.”

ಕಾನಿಕೇಯ್‌ಗೆ ಅರ್ಥವಾಯಿತು. ಅವಳ ಮನೆಯಲ್ಲೂ ತೊಟ್ಟಿಲಿತ್ತು. “ಬಿಷ್ಕೆಕ್‌ನಿಂದ ಬೇರೆ ಚೀಲ ತರಿಸೋಣ ಅಂದ್ರೆ ದಾರಿಯಲ್ಲಿ ಹಿಮ ಬಿದ್ದಿದೆ,” ಎಂದಷ್ಟೇ ಗೊಣಗಿದಳು.

ಬೆಂಚಿನ ಮೇಲಿದ್ದ ಜೋಲ್ದೋಶ್ ಎಲ್ಲ ಕೇಳಿಸಿಕೊಂಡು ಎದ್ದು ಬಂದ. ಇನ್ನೊಂದು ಕೈಯ ಅಂಗಿತೋಳು ಮಡಚಿದ. “ಈ ಕಡೆ ತೋಳೂ ಇದೆಯಲ್ಲ. ಕುದುರೆ ಹಾಲು ಕುಡಿದ ರಕ್ತ, ಬೇಗ ತುಂಬುತ್ತೆ. ನೀವ್ಯಾಕೆ ಅಳ್ತೀರಿ ಎಜೆ? ಚುಚ್ಚೋದು ನನಗೆ ತಾನೇ?”

ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಅವನು ಕೊಟ್ಟ ಹೊಸ ಚೀಲ ಏರಿಸಿದ ಮೇಲೆ, ಕತ್ತಲಾಗುವ ಹೊತ್ತಿಗೆ ಹುಡುಗಿಯ ರಕ್ತ ನಿಂತಿತು. ಜೋಲ್ದೋಶ್ ಕರಿದ ರೊಟ್ಟಿಯ ತುಂಡುಗಳನ್ನು ತಂದು ಬುರುಲ್‌ಳ ಕೈಗಿಟ್ಟ. ಒಂದು ತುಂಡು ಬಾಯಿಗಿಟ್ಟಳು, ಉಳಿದವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಹೊರಡುವಾಗ ಯಂತ್ರ ಬರಿದಾಗಿತ್ತು. ರೂಢಿಯ ಕೈ ಪ್ಲಗ್‌ನವರೆಗೆ ಹೋಗಿ ಹಿಂದೆ ಬಂತು. ಖಾಲಿ ತಟ್ಟೆಗಳು ತೂಗುತ್ತಲೇ ಇದ್ದವು. ಅವಳು ಅಂಗೈ ಬಿಚ್ಚಿ, ಮೊದಲು ಹೋದ ಕೂಸಿಗಾಗಿ, ಆಮೇಲೆ ಉಳಿದ ಹುಡುಗಿಗಾಗಿ ದೇವರನ್ನು ಬೇಡಿದಳು. ತನಗಾಗಿ ಏನು ಬೇಡಬೇಕೆಂದು ಮಾತ್ರ ತಿಳಿಯಲಿಲ್ಲ.