ಏಳನೇ ಸಾಲು, ಎಂಟನೇ ಸಾಲು

ಪ್ರೆಶರ್ ಕುಕ್ಕರಿನ ಮುಚ್ಚಳ ಮೊದಲು ತೆಗೆಯಬೇಕೋ, ಒಳಗಿನ ಹಬೆ ಇಳಿದಿದೆಯೇ ಎಂದು ಮೊದಲು ನೋಡಬೇಕೋ?

ನಗಬೇಡಿ. ಈ ಪ್ರಶ್ನೆಗೆ ಸರಿಯುತ್ತರ ಬರೆದದ್ದಕ್ಕೆ ನನಗೊಂದು ಕೆಲಸ ತಪ್ಪಿಹೋಗಿತ್ತು.

ವಾಶಿಯ ಒಂದು ಆಫೀಸಿನವರು ಕನ್ನಡ ಅನುವಾದಕರು ಬೇಕು ಎಂದು ಜಾಹೀರಾತು ಕೊಟ್ಟಿದ್ದರು. ಮಿಕ್ಸರ್, ಗೀಸರ್, ಕುಕ್ಕರ್ ಕೊಂಡಾಗ ಡಬ್ಬಿಯೊಳಗೆ ಒಂದು ಪುಸ್ತಿಕೆ ಇರುತ್ತದಲ್ಲ, (ನಾವ್ಯಾರೂ ಓದದೆ ಡ್ರಾಯರಿಗೆ ತುರುಕುತ್ತೇವಲ್ಲ, ಅದೇ) ಅದನ್ನು ಬೇರೆ ಬೇರೆ ಭಾಷೆಗೆ ಮಾಡಿಕೊಡುವುದು ಅವರ ಕೆಲಸ. ಉಡುಪಿಯಲ್ಲಿ ಕನ್ನಡ ಎಂ.ಎ. ಮಾಡಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು ನಾನು. ಸರ್ಟಿಫಿಕೇಟು ಕಪಾಟಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಲಗಿತ್ತು. ಮನೆಯಲ್ಲಿ ಅತ್ತೆಯ ಜೊತೆ ತುಳು, ಕೆಳಗಿನ ಮನೆಯವರ ಜೊತೆ ಮರಾಠಿ. ಮಗಳು ಶ್ರೇಯಾಳಿಗೆ ನಾನು ಕನ್ನಡದಲ್ಲಿ ಬೈದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ನನ್ನ ಕನ್ನಡಕ್ಕೆ ಉಳಿದಿದ್ದ ಉದ್ಯೋಗ ಬೈಗುಳವೊಂದೇ.

ಅರ್ಜಿ ಹಾಕಿದೆ. ಮರುದಿನವೇ ಈಮೇಲಿನಲ್ಲಿ ಟೆಸ್ಟ್ ಬಂತು: ಎರಡು ಪುಟದ ಇಂಗ್ಲಿಷ್, ಕುಕ್ಕರ್ ಬಳಸುವ ಕ್ರಮ. ಮೂರು ದಿನದಲ್ಲಿ ಕನ್ನಡಕ್ಕೆ ಮಾಡಿ ಕಳಿಸಬೇಕು.

ಆರನೇ ಸಾಲಿನ ತನಕ ಸಲೀಸು. ಏಳನೆಯದರಲ್ಲಿ 'ಮುಚ್ಚಳ ತೆರೆಯಿರಿ' ಎಂದಿತ್ತು. ಎಂಟರಲ್ಲಿ, 'ಹಬೆ ಪೂರ್ತಿ ಇಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ.'

ನನ್ನ ಕೈ ನಿಂತಿತು. ಮದುವೆಯಾದ ಹೊಸತರಲ್ಲಿ, ಹೊತ್ತಾಯಿತೆಂದು ಅವಸರ ಮಾಡಿ, ನಾನು ಮಾಡಿದ್ದೂ ಇದೇ ಕ್ರಮದಲ್ಲಿ. ಮುಚ್ಚಳ ಹಾರಿತು. ತೊಗರಿಬೇಳೆ ಸೀಲಿಂಗಿಗೆ ಅಂಟಿತು. ಬಲಗೈ ಮಣಿಕಟ್ಟಿನಿಂದ ಮೊಣಕೈ ತನಕ ಬೆಂದ ಗುರುತು ಈಗಲೂ ಇದೆ.

ನಾನು ಎರಡು ಸಾಲನ್ನೂ ಅದಲುಬದಲು ಮಾಡಿದೆ. ಕೆಳಗೆ ಟಿಪ್ಪಣಿ ಹಾಕಿದೆ: 'ಮೂಲದಲ್ಲಿ ಕ್ರಮ ತಪ್ಪಿದೆ, ಇದು ಅಪಾಯ.' ಶ್ರೇಯಾ ಹಣೆ ಚಚ್ಚಿಕೊಂಡಳು.

"ಮಮ್ಮಿ, ಟೆಸ್ಟ್ ಮೇ ಕೋಯಿ ಕ್ವೆಶ್ಚನ್ ಪೇಪರ್ ಕರೆಕ್ಟ್ ಕರ್ತಾ ಹೈ ಕ್ಯಾ?"

ಟೆಸ್ಟಿನಲ್ಲಿ ಪ್ರಶ್ನೆಪತ್ರಿಕೆಯನ್ನೇ ಯಾರೂ ತಿದ್ದುವುದಿಲ್ಲ. ಗೊತ್ತು. ಆದರೂ ಕಳಿಸಿದೆ.

ಆಮೇಲೆ ಶುರುವಾಯಿತು ಕಾಯುವ ಕೆಲಸ. ನೀವು ಯಾವತ್ತಾದರೂ ಹೀಗೆ ಕಾದಿದ್ದೀರಾ? ಬೆಳಿಗ್ಗೆ ಎದ್ದು ಹಾಲು ಒಲೆಗಿಟ್ಟು ಕಂಪ್ಯೂಟರ್ ಹಚ್ಚುವುದು. ಇನ್‌ಬಾಕ್ಸಿನಲ್ಲಿ ಇಲ್ಲದಿದ್ದರೆ ಸ್ಪ್ಯಾಮಿನಲ್ಲಿ ಹುಡುಕುವುದು. ಅಲ್ಲಿ ಯಾರೋ ನನಗೆ ಲಾಟರಿ ಹೊಡೆದಿದೆ ಎಂದು ಬರೆದಿರುತ್ತಿದ್ದರು, ವಾಶಿಯವರು ಮಾತ್ರ ಇಲ್ಲ. ಫೋನ್ ಕೆಟ್ಟಿರಬಹುದೆಂದು ಲ್ಯಾಂಡ್‌ಲೈನಿನಿಂದ ನನ್ನ ಮೊಬೈಲಿಗೆ ನಾನೇ ಫೋನ್ ಮಾಡಿ ನೋಡಿದ್ದೂ ಉಂಟು. ಚೆನ್ನಾಗಿಯೇ ರಿಂಗಾಯಿತು.

ಅತ್ತೆಗೆ ಈಮೇಲ್ ಎಂದರೆ ಟಪಾಲು. ದಿನಾ ಮಧ್ಯಾಹ್ನ ಊಟಕ್ಕೆ ಕೂತಾಗ "ಕಾಗದ ಬತ್ತ್ಂಡಾ?" ಎನ್ನುತ್ತಿದ್ದರು. ಇಲ್ಲ ಎಂದರೆ ಒಂದು ಸೌಟು ಸಾರು ಹೆಚ್ಚು ಬಡಿಸುತ್ತಿದ್ದರು. ನಮ್ಮವರು ಕಲ್ಯಾಣದಲ್ಲಿ ಒಂದು ಹೋಟೆಲಿನ ಮ್ಯಾನೇಜರು. ಗಿರಾಕಿ ಐದು ನಿಮಿಷ ಕಾದರೆ ಕೂಗಾಡುವುದನ್ನು ದಿನವಿಡೀ ಕಂಡವರು.

"ಫೋನ್ ಮಾಡಿ ಕೇಳು ಮಾರಾಯ್ತಿ. ನಾವೇ ಆದ್ರೆ, ಇಡ್ಲಿ ಇಲ್ಲದಿದ್ರೆ ಇಲ್ಲ ಅಂತ ಹೇಳುದಿಲ್ವಾ?"

ಫೋನ್ ಮಾಡಿದೆ. "ಪ್ರೊಸೆಸ್ ಚಾಲೂ ಹೈ ಮೇಡಂ" ಎಂದಿತು ಒಂದು ಎಳೆಯ ದನಿ. ಹದಿನೆಂಟು ದಿನ ಚಾಲೂ ಇತ್ತು.

ಹತ್ತೊಂಬತ್ತನೇ ದಿನ ಮೇಲ್ ಬಂತು. 'ವಿಷಾದಿಸುತ್ತೇವೆ' ಎಂದು. ಪರಿಶೀಲಕರ ಷರಾ ಎರಡು ಸಾಲು: ಭಾಷೆ ತೀರಾ ಆಡುಮಾತಿನದು; ಮೂಲಕ್ಕೆ ನಿಷ್ಠೆ ಇಲ್ಲ, ಸಾಲುಗಳನ್ನು ಬದಲಿಸಲಾಗಿದೆ.

ಅಳು ಬಂತಾ? ಹೌದು, ಅತ್ತುಬಿಟ್ಟೆ. ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಹತ್ತು ನಿಮಿಷ. ಕೆಲಸ ಹೋದದ್ದಕ್ಕಿಂತ ನನ್ನ ಕನ್ನಡ ಸರಿಯಿಲ್ಲ ಎಂದದ್ದು ನಾಟಿತ್ತು. ಮುಖ ಒರೆಸಿಕೊಳ್ಳುವಾಗ ಬಲಗೈಯ ಗುರುತು ಕಣ್ಣಿಗೆ ಬಿತ್ತು. ಆಗ ಹೊಳೆಯಿತು: ಇದು ಬರೀ ಟೆಸ್ಟ್ ಆಗಿರದೆ ನಿಜವಾದ ಪುಸ್ತಿಕೆಯೇ ಆಗಿದ್ದರೆ? ಹಾಗೇ ಅಚ್ಚಾಗಿಬಿಟ್ಟರೆ? ಯಾವಳೋ ಹೊಸ ಮದುಮಗಳು ಅದನ್ನು ಓದಿ, ಏಳಾದ ಮೇಲೆ ಎಂಟು ಎಂದು ನಂಬಿದರೆ?

ಕೂತು ಇಂಗ್ಲಿಷಿನಲ್ಲಿ ಉತ್ತರ ಬರೆದೆ. 'ಕೆಲಸ ಕೊಡದಿದ್ದರೆ ಬೇಡ. ಆದರೆ ಏಳು ಮತ್ತು ಎಂಟನೇ ಸಾಲನ್ನು ದಯವಿಟ್ಟು ತಿದ್ದಿಸಿ. ನನ್ನ ಕೈ ಸುಟ್ಟದ್ದು ಇದೇ ಕ್ರಮದಲ್ಲಿ.' ಕೈಯ ಫೋಟೋ ತೆಗೆದು ಅದಕ್ಕೆ ಸೇರಿಸಿದೆ. ಸೆಂಡ್ ಒತ್ತಿದೆ. ನಾಲ್ಕು ದಿನ ಕಂಪ್ಯೂಟರಿನ ತಂಟೆಗೇ ಹೋಗಲಿಲ್ಲ.

ಐದನೇ ದಿನ ಸ್ಟೇಷನ್ ಹತ್ತಿರದ ಭಾಜಿ ಮಾರ್ಕೆಟಿನಲ್ಲಿ ಮೆಂತೆ ಸೊಪ್ಪಿನ ಕಟ್ಟು ಹಿಡಿದು ಚೌಕಾಸಿ ಮಾಡುತ್ತಿದ್ದೆ. ಫೋನ್ ಬಂತು. ವಾಶಿ ಆಫೀಸಿನ ಮುಖ್ಯಸ್ಥೆ, ಜೋಶಿ ಮೇಡಂ. ಹಿಂದಿಯಲ್ಲಿ ಒಂದೇ ಪ್ರಶ್ನೆ: "ನಾಳೆ ಬರ್ತೀರಾ?"

ಮರುದಿನ ಥಾಣೆಗೆ ಹೋಗಿ ಗಾಡಿ ಬದಲಿಸಿ ವಾಶಿ ಲೋಕಲ್ ಹಿಡಿದೆ. ಐರೋಲಿ, ಘನ್ಸೋಲಿ, ತುರ್ಭೆ. ಒಂದೊಂದು ಸ್ಟೇಷನ್ ದಾಟಿದಂತೆ ಒಂದೊಂದು ವಾದ ಸಿದ್ಧ ಮಾಡಿಕೊಂಡೆ.

ವಾದಕ್ಕೆ ಎಡೆಯೇ ಇರಲಿಲ್ಲ. ಜೋಶಿ ಮೇಡಂ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ನನ್ನಷ್ಟೇ ವಯಸ್ಸಿನವರು. "ಅದು ಟೆಸ್ಟಿಗೆಂದು ಬರೆದದ್ದಲ್ಲ, ನಿಜವಾದ ಪುಸ್ತಿಕೆಯೇ. ಆರು ಭಾಷೆಯಲ್ಲಿ ಅಚ್ಚಿಗೆ ಹೊರಟಿತ್ತು. ನಿಮ್ಮ ಕೈ ನೋಡಿ ಪ್ರೆಸ್ಸಿಗೆ ಫೋನ್ ಮಾಡಿ ನಿಲ್ಲಿಸಿದೆ. ಆರೂ ಭಾಷೆಯವರು ತಪ್ಪನ್ನು ನಿಷ್ಠೆಯಿಂದ ಅನುವಾದ ಮಾಡಿದ್ದರು."

ಥ್ಯಾಂಕ್ಸ್ ಹೇಳಿ ಏಳಬಹುದಿತ್ತು. ಆದರೆ ನನ್ನ ಸಿಟ್ಟು ಅರ್ಧವೇ ಇಳಿದಿತ್ತು.

"ಮೇಡಂ, ಇನ್ನೊಂದು ಷರಾ ಇತ್ತಲ್ಲ, ಆಡುಮಾತು ಅಂತ? ನನ್ನದನ್ನೂ ನೀವು ಆರಿಸಿದವರದ್ದನ್ನೂ ಓದ್ತೇನೆ. ಇಲ್ಲಿ ಕನ್ನಡ ತಿಳಿಯುವವರು ಯಾರಾದರೂ ಇದ್ದರೆ ಕರೀರಿ."

ಅವರು ನಕ್ಕು, ಬಾಗಿಲಿನತ್ತ ತಿರುಗಿ "ಮಲ್ಲವ್ವಾ!" ಎಂದರು.

ಬಂದದ್ದು ಆಫೀಸು ಗುಡಿಸಿ ಚಹಾ ಮಾಡುವ ಹೆಂಗಸು. ವಿಜಾಪುರದ ಕಡೆಯವಳು. ಒದ್ದೆ ಕೈ ಸೆರಗಿಗೆ ಒರೆಸುತ್ತಾ ನಿಂತಳು. ಆಯ್ಕೆಯಾಗಿದ್ದ ಅನುವಾದ ಓದಿದೆ: 'ಒತ್ತಡ ನಿಯಂತ್ರಕದಿಂದ ಧ್ವನಿಯು ಹೊರಹೊಮ್ಮಿದ ತರುವಾಯ ಶಾಖದ ಪ್ರಮಾಣವನ್ನು ತಗ್ಗಿಸತಕ್ಕದ್ದು.'

ಮಲ್ಲವ್ವ ಗಾಬರಿಯಾದಳು. "ಏನ್ರಿ ಯಕ್ಕಾ ಇದು, ಕೋರ್ಟಿನ ಕಾಗದ ಏನು?"

ನನ್ನದನ್ನು ಓದಿದೆ: 'ಕುಕ್ಕರ್ ಒಂದು ಸಲ ಕೂಗಿದ ಮೇಲೆ ಉರಿ ಸಣ್ಣ ಮಾಡಿ.'

"ಹಾಂ, ಇದು ತಿಳೀತು ನೋಡ್ರಿ. ಇದನ್ನ ಕೇಳಿ ನಾ ಅಡಗಿ ಮಾಡಬಲ್ಲೆ." ಸೆರಗು ಸೊಂಟಕ್ಕೆ ಸಿಕ್ಕಿಸಿ ಹೇಳಿದಳು, "ಆದ್ರ ಕುಕ್ಕರ್ ಯಾಕ ಕೂಗ್ತೈತ್ರಿ? ಕೂಗೋದು ಕೋಳಿ. ಕುಕ್ಕರ್ ಸೀಟಿ ಹೊಡಿತೈತಿ."

ನಾನು ಪೆನ್ನು ತೆಗೆದು, 'ಕೂಗಿದ ಮೇಲೆ' ಹೊಡೆದುಹಾಕಿ 'ಸೀಟಿ ಹೊಡೆದ ಮೇಲೆ' ಎಂದು ಬರೆದೆ. ನನ್ನ ಎಂ.ಎ.ಗೆ ಅಂದು ಇನ್ನೊಂದು ಮಾರ್ಕು ಕೂಡಿತು. ಜೋಶಿ ಮೇಡಂಗೆ ಒಂದಕ್ಷರ ಕನ್ನಡ ಬಾರದು. ಆದರೆ ಅವರು ಇಷ್ಟು ಹೊತ್ತೂ ನೋಡುತ್ತಿದ್ದದ್ದು ಮಲ್ಲವ್ವನ ಮುಖ.

"ಸೋಮವಾರದಿಂದ ಬನ್ನಿ," ಎಂದರು. "ಬರೀ ಅನುವಾದಕ್ಕಲ್ಲ. ಕನ್ನಡದ ವಿಭಾಗವನ್ನೇ ನೋಡಿಕೊಳ್ಳಿ."

ವಾಶಿ ಸ್ಟೇಷನ್ನಿಗೆ ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೊದಲು ನಮ್ಮವರಿಗೆ ಫೋನ್ ಮಾಡಿದೆ. ಅವರು ಹೋಟೆಲಿನವರಿಗೆಲ್ಲ ಕೇಳುವಂತೆ "ಸಿಕ್ಕಿತಂತೆ ಮಾರಾಯ್ರೆ!" ಎಂದು ಬೊಬ್ಬೆ ಹೊಡೆದದ್ದು ಇಲ್ಲಿಗೂ ಕೇಳಿತು. ಮನೆಗೆ ಬಂದಾಗ ಶ್ರೇಯಾ ಬಾಗಿಲಲ್ಲೇ ನಿಂತಿದ್ದಳು. ತಬ್ಬಿಕೊಂಡು, ಅಳೆದು ತೂಗಿ, ಕನ್ನಡದಲ್ಲಿ ಹೇಳಿದಳು:

"ಅಮ್ಮಾ, ನೀನು ಭಾರೀ ಜೋರು."

('ಮಮ್ಮಿ' ಅಲ್ಲ, 'ಅಮ್ಮಾ'. ಗಮನಿಸಿ.)

ಇದಾಗಿ ಎರಡು ವರ್ಷ ಕಳೆಯಿತು. ಈಗ ಟೆಸ್ಟ್ ಬರೆದವರ ಕಾಗದಗಳು ನನ್ನ ಮೇಜಿಗೆ ಬರುತ್ತವೆ. ಬಂದ ಮೂರನೇ ದಿನಕ್ಕೆ ಎಲ್ಲರಿಗೂ ಉತ್ತರ ಹೋಗಬೇಕು, ಹೌದಾದರೆ ಹೌದು, ಇಲ್ಲವಾದರೆ ಯಾಕೆ ಇಲ್ಲ ಎಂದು. ನಾನು ಹಿಡಿದ ಹಟ ಇದೊಂದೇ. ಪ್ರತಿಯೊಂದಕ್ಕೂ ಹಿಡಿಯುವುದು ಎರಡು ನಿಮಿಷ.

ಎರಡು ನಿಮಿಷದ ಕೆಲಸಕ್ಕೆ ಜನರನ್ನು ಹದಿನೆಂಟು ದಿನ ಕಾಯಿಸುವ ಸಾಹೇಬರುಗಳು ಉಳಿದ ಹೊತ್ತಿನಲ್ಲಿ ಮಾಡುವುದಾದರೂ ಏನು?